ಮೈಕಿನ ಮುಳ್ಳಿಗೆ ಸಿಗದ ಸದ್ದು

"ಎತ್ತಿದೆ, ಎತ್ತಿದೆ! ಬೇಗ ತಳ್ಳು!"

ಮೈಕಣ್ಣ ಮಂಚದ ತಲೆದಿಕ್ಕನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ಹೆಂಡತಿ ಕಂದು ನೀರಿನೊಳಗೆ ಮೊಣಕೈವರೆಗೆ ಕೈಬಿಟ್ಟು, ಮಂಚದ ಕಾಲು ಎಲ್ಲಿದೆ ಎಂದು ತಡಕಾಡುತ್ತ, ಇನ್ನೊಂದು ಇಟ್ಟಿಗೆ ಒಳಗೆ ತಳ್ಳಿದಳು. ಮಂಚದ ಮೇಲೆ ಅಮ್ಮ ಕೂತಿದ್ದಳು. ಅವಳ ಮಡಿಲಲ್ಲಿ ಔಷಧಿ ಡಬ್ಬ, ಗಡಿಯಾರ, ಒಂದು ಜೊತೆ ಚಪ್ಪಲಿ.

"ಇನ್ನೊಂದು ವರಸೆ ಇಟ್ಟಿಗೆ ಏರಿಸಿದರೆ ಫ್ಯಾನಿನ ರೆಕ್ಕೆ ನನ್ನ ಬೈತಲೆ ತೆಗೆಯುತ್ತೆ ಕಣೋ" ಎಂದಳು ಅಮ್ಮ.

"ಸುಮ್ಮನಿರಮ್ಮ. ಅಲ್ಲಾಡಬೇಡ."

"ಅಲ್ಲಾಡೋಕೆ ಬಂದಿದ್ದರೆ ನಾನ್ಯಾಕೆ ಇಲ್ಲಿ ಕೂತಿರ್ತಿದ್ದೆ? ನಿಮಗಿಂತ ಮೊದಲು ಓಡಿಹೋಗ್ತಿದ್ದೆ."

ಸೊಂಟದ ಮೂಳೆ ಮುರಿದ ಮೇಲೆ ಅಮ್ಮ ಮಂಚ ಇಳಿದಿರಲಿಲ್ಲ. ಈ ಮಳೆಗಾಲದಲ್ಲಿ ಮನೆಯೊಳಗೆ ನೀರು ನುಗ್ಗಿದ್ದು ಇದು ಮೂರನೇ ಸಲ. ಮೊದಲ ಸಲ ನೀರಿಳಿದ ಮೇಲೆ ಅಮ್ಮನಿಗೆ ಹದಿನಾರು ದಿನ ಜ್ವರ ಬಂತು. ಎರಡನೇ ಸಲ ಎದೆ ಕಟ್ಟಿತು. ಡಾಕ್ಟರಮ್ಮ ಮೈಕಣ್ಣನನ್ನು ಹೊರಗೆ ಕರೆದು, "ಈ ಕೊಳಚೆ ಗಾಳಿಯಲ್ಲಿ ಇವರನ್ನ ಇನ್ನೆರಡು ಸಲ ಮಲಗಿಸಿದರೆ ಆಮೇಲೆ ನನ್ನ ಕೈಲಿ ಏನೂ ಇರಲ್ಲ" ಎಂದಿದ್ದರು. ಆ ಮಾತನ್ನು ಮೈಕಣ್ಣ ಹೆಂಡತಿಗೆ ಹೇಳಿದ್ದ, ಅಮ್ಮನಿಗೆ ಹೇಳಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು.

ನೀರು ಮರುದಿನ ಮಧ್ಯಾಹ್ನ ಇಳಿಯಿತು. ಗೋಡೆಯ ಮೇಲೆ ಹೊಸದೊಂದು ಕಂದು ಗೆರೆ ಉಳಿಯಿತು.

ಪುರಸಭೆಯ ಚುನಾವಣೆಗೆ ಹತ್ತು ದಿನ ಇತ್ತು. ಆ ವಾರ್ಡಿನ ಒಂದು ಸ್ಥಾನಕ್ಕೆ ಇಬ್ಬರು ನಿಂತಿದ್ದರು. ಇಬ್ಬರಿಗೂ ಮೈಕು, ಹಾರ್ನು, ಆಂಪ್ಲಿಫೈಯರು ಕೊಡುವವನು ಮೈಕಣ್ಣನೇ. ಇಪ್ಪತ್ತೆರಡು ವರ್ಷದಿಂದ ಅವನ ಕಸುಬು ಅದೇ. ಮದುವೆ, ಸಾವು, ಅಂಗಡಿ ಉದ್ಘಾಟನೆ, ಕಳೆದುಹೋದ ಮಗುವಿನ ಪ್ರಕಟಣೆ, ಎಲ್ಲಕ್ಕೂ ಅವನೇ. ಆಂಪ್ಲಿಫೈಯರಿನ ಗಾಜಿನ ಹಿಂದೆ ಒಂದು ಸಣ್ಣ ಮುಳ್ಳು ಇರುತ್ತದೆ. ಮಾತಾಡುವವರ ದನಿ ಏರಿದಂತೆ ಅದು ಬಲಕ್ಕೆ ವಾಲುತ್ತದೆ. ಮೈಕಣ್ಣ ಮನುಷ್ಯರನ್ನು ಅಳೆಯುತ್ತಿದ್ದದ್ದು ಆ ಮುಳ್ಳಿನಿಂದ. ಇಂಥವನು ಗಟ್ಟಿ, ಇಂಥವನು ಪೊಳ್ಳು ಎಂದು ಅವನು ಅದನ್ನು ನೋಡಿಯೇ ಹೇಳಿಬಿಡುತ್ತಿದ್ದ.

ಮೊದಲ ಸಭೆ ಬೆಳ್ಳಿಗಂಟಲಿನದು. ಆ ಅಭ್ಯರ್ಥಿಗೆ ಆ ಹೆಸರು ಕೊಟ್ಟವರು ಯಾರೋ, ಸರಿಯಾಗಿಯೇ ಕೊಟ್ಟಿದ್ದರು. ನಾಲ್ಕು ಬೀದಿ ಸೇರುವ ಕಡೆ ಜನ ಇನ್ನೂ ಕೆಸರು ಮೆತ್ತಿದ ಕಾಲಲ್ಲೇ ನಿಂತಿದ್ದರು. ಅವನು ಮೈಕಿನ ಮುಂದೆ ನಿಂತು ಆ ಕಾಲುಗಳನ್ನೇ ನೋಡಿದ. ಆಮೇಲೆ ಪಿಸುದನಿಯಲ್ಲಿ, ಪಕ್ಕದ ಮನೆಯವನ ಹಾಗೆ, ಶುರುಮಾಡಿದ.

"ನಿನ್ನೆ ನಿಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ನನಗೆ ಗೊತ್ತು. ನಿಮ್ಮ ಮಕ್ಕಳು ಮೇಜಿನ ಮೇಲೆ ಮಲಗಿದ್ದವು. ನನಗೆ ಗೊತ್ತು."

ದನಿ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಕೊನೆಗೆ ಅವನು ಎರಡೂ ಕೈ ಚಾಚಿ, "ಇನ್ನು ಈ ಬೀದಿಗೆ ನೀರು ಬರಬೇಕಾದರೆ, ಈ ನನ್ನ ಎದೆ ದಾಟಿ ಬರಬೇಕು!" ಎಂದಾಗ ಎದುರಿನ ತಗಡಿನ ಸೂರು ಝುಂ ಎಂದಿತು. ಜನ ಚಪ್ಪಾಳೆ ತಟ್ಟುವುದನ್ನೂ ಮರೆತರು. ಮೈಕಣ್ಣನ ಮೈಮೇಲಿನ ಕೂದಲು ಎದ್ದು ನಿಂತಿತ್ತು. ಮುಳ್ಳು ಕೆಂಪು ಗೆರೆ ದಾಟಿ ನಡುಗುತ್ತಿತ್ತು. ಗುಂಡಿ ತಿರುಗಿಸಿ ತಗ್ಗಿಸಬೇಕಾದವನು ಬಾಯಿ ತೆರೆದು ನಿಂತುಬಿಟ್ಟಿದ್ದ.

ಮರುದಿನ ಅದೇ ಜಾಗ, ಅದೇ ಮೈಕು. ಈ ಸಲ ಪಂಪಕ್ಕ. ಬೀದಿಯ ಕೊನೆಯಲ್ಲಿರುವ ಪಂಪುಹೌಸಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಿಯಾದ ಹೆಂಗಸು. ಮಳೆನೀರನ್ನು ಚರಂಡಿಯಿಂದ ಎತ್ತಿ ಕಾಲುವೆಗೆ ಹಾಕುವ ಪಂಪುಗಳು ಅಲ್ಲಿವೆ. ಅವಳು ಮೊದಲು ಮೈಕಿನಿಂದ ಒಂದು ಮಾರು ದೂರ ನಿಂತಳು. ಹತ್ತಿರ ಬನ್ನಿ ಎಂದರೆ ಮೈಕನ್ನು ನುಂಗುವಷ್ಟು ಹತ್ತಿರ ಬಂದಳು. ಕೀಂ ಎಂದು ಅದು ಕಿರುಚಿತು. ಮಕ್ಕಳು ನಕ್ಕವು.

"ನನಗೆ ಭಾಷಣ ಬರಲ್ಲ" ಎಂದಳು. "ನೀರು ಯಾಕೆ ಬರ್ತಿದೆ ಅಂತ ಒಳಗೆ ಹೋಗಿ ನೋಡಬೇಕು. ನೋಡದೆ ಹೇಳಕ್ಕಾಗಲ್ಲ. ನಿಮಗೇನಾದರೂ ಕೇಳೋದಿದ್ದರೆ ಕೇಳಿ."

ಯಾರೂ ಕೇಳಲಿಲ್ಲ. ನಾಲ್ಕು ನಿಮಿಷಕ್ಕೆ ಸಭೆ ಮುಗಿಯಿತು. ಮುಳ್ಳು ಮಲಗಿದ್ದಲ್ಲಿಂದ ಏಳಲೇ ಇಲ್ಲ.

ಆ ಸಂಜೆ ಮೈಕಣ್ಣ ಮನೆಯಲ್ಲಿ ವೈರು ಸುತ್ತುತ್ತ ಬೆಳ್ಳಿಗಂಟಲಿನ ಭಾಷಣವನ್ನು ಇಡಿಯಾಗಿ ಮತ್ತೊಮ್ಮೆ ಒಪ್ಪಿಸಿದ. ಅಮ್ಮ ಕಣ್ಣರಳಿಸಿಕೊಂಡು ಕೇಳಿದಳು.

"ಎದೆ ದಾಟಿ ಬರಬೇಕು ಅಂದನಾ? ಅಬ್ಬಾ! ಅಂಥ ದನಿ ಕೇಳಿದರೆ ಪುರಸಭೆಯ ಆಫೀಸರುಗಳು ಕುರ್ಚಿ ಬಿಟ್ಟು ಏಳ್ತಾರೆ ಕಣೋ."

"ಆಫೀಸರು ಏಳ್ತಾರೆ ಅತ್ತೆ, ನೀರು ಇಳಿಯುತ್ತಾ?" ಎಂದಳು ಹೆಂಡತಿ. ಅವಳು ಬಟ್ಟೆ ಕಾರ್ಖಾನೆಯಲ್ಲಿ ತಪಾಸಣೆ ಮಾಡುವವಳು. ಹೊಲಿದ ಅಂಗಿಗಳನ್ನು ದಿನಕ್ಕೆ ನಾನೂರು ಸಲ ತಿರುವಿ, ಒಳಹೊಲಿಗೆ ನೋಡುವುದು ಅವಳ ಕೆಲಸ.

"ನಿನಗೆ ಎಲ್ಲದರಲ್ಲೂ ನೂಲು ಬಿಟ್ಟಿರೋದೇ ಕಾಣುತ್ತೆ" ಎಂದ ಮೈಕಣ್ಣ.

"ಅದಕ್ಕೇ ನನಗೆ ಸಂಬಳ ಕೊಡೋದು. ರೀ, ನಮ್ಮಲ್ಲಿ ಹೊಸ ಟೈಲರ್ ಬಂದರೆ ‘ಚೆನ್ನಾಗಿ ಹೊಲೀತೀಯಾ?’ ಅಂತ ಯಾರೂ ಕೇಳಲ್ಲ. ಎಲ್ಲರೂ ಹೂಂ ಅಂತಾರೆ. ಕೈಗೊಂದು ಕಾಲರ್ ಕೊಡ್ತಾರೆ. ಹೊಲಿದು ತೋರಿಸು ಅಂತಾರೆ."

"ಇದು ಕಾಲರ್ ಅಲ್ಲ ಮಾರಾಯ್ತಿ, ಪುರಸಭೆ."

"ಕಾಲರಿಗೇ ಅಷ್ಟು ನೋಡ್ತೀವಿ. ಪುರಸಭೆಗೆ ಏನೂ ನೋಡಬಾರದಾ?"

ಮೈಕಣ್ಣನಿಗೂ ಒಂದು ಪಾಯಿಂಟು ಸಿಕ್ಕಿತು. ವೈರಿನ ಸುರುಳಿ ಕೆಳಗಿಟ್ಟ. "ಸರಿ. ನಿನ್ನ ಪಂಪಕ್ಕನಿಗೆ ಮೂವತ್ತೊಂದು ವರ್ಷದ ಅನುಭವ. ಆದರೂ ನಮ್ಮ ಮನೇಲಿ ಮೊಣಕಾಲುದ್ದ ನೀರು. ಆ ಅನುಭವ ಇಟ್ಟುಕೊಂಡು ಏನು ಮಾಡೋದು, ಉಪ್ಪಿನಕಾಯಿ ಹಾಕೋದಾ?"

ಹೆಂಡತಿ ನಗುತ್ತಾಳೆ ಎಂದುಕೊಂಡಿದ್ದ. ಅವಳು ತಲೆದೂಗಿದಳು. "ಇದು ಸರಿಯಾದ ಪ್ರಶ್ನೆ. ಅನುಭವ ಇದೆ ಅನ್ನೋದೂ ಬಾಯಿಮಾತೇ, ನಾವು ನೋಡೋವರೆಗೂ. ಕುರ್ಚಿ ಬಿಸಿ ಮಾಡಿದ್ದೂ ಅನುಭವ ಅಂತಾರೆ. ಅದಕ್ಕೇ ಇಬ್ಬರನ್ನೂ ಕೇಳಿ. ನೀವು ಮೈಕು ಸಿಕ್ಕಿಸೋಕೆ ಅವರ ಕುತ್ತಿಗೆ ಹತ್ತಿರ ಹೋಗೋರು, ನಿಮಗಿಂತ ಹತ್ತಿರ ಯಾರಿದಾರೆ? ಇಷ್ಟೇ ಕೇಳಿ. ಇಂಥ ಕೆಲಸ ಮೊದಲು ಏನು ಮಾಡಿದೀರಿ? ಅದನ್ನ ಕಣ್ಣಾರೆ ಕಂಡೋರು ಯಾರು? ಕೆಲಸ ಕೆಟ್ಟಾಗ ಏನು ಮಾಡಿದಿರಿ?"

"ಕೆಟ್ಟಿದ್ದನ್ನ ಯಾರಾದರೂ ಹೇಳ್ತಾರೇನೇ?"

"ಕೇಳಿ ನೋಡಿ."

ಬೆಳ್ಳಿಗಂಟಲಿನ ಕಚೇರಿ ಮೊದಲ ಮಹಡಿಯಲ್ಲಿತ್ತು. ಕೊಠಡಿ ತುಂಬ ಬಾವುಟದ ಕಟ್ಟುಗಳು, ಅಂಟಿನ ವಾಸನೆ. ಮೈಕಣ್ಣ ಬ್ಯಾಟರಿ ಬದಲಿಸುತ್ತ, ಧೈರ್ಯ ಮಾಡಿ ಕೇಳಿಯೇಬಿಟ್ಟ.

"ಸರ್, ಈ ನೀರು ಎಲ್ಲಿಂದ ಬರ್ತಿದೆ?"

ಬೆಳ್ಳಿಗಂಟಲು ಅವನ ಹೆಗಲ ಮೇಲೆ ಕೈಯಿಟ್ಟ. ಆ ಕೈ ಬೆಚ್ಚಗಿತ್ತು. "ನೀರು ಎಲ್ಲಿಂದ ಬರುತ್ತೆ ಅಂತೀಯಾ ತಮ್ಮಾ? ನಿನ್ನ ತಾಯಿಯ ಕಣ್ಣಿಂದ ಬರುತ್ತೆ."

ಮೈಕಣ್ಣ ಹಳೆ ಬ್ಯಾಟರಿಯನ್ನೇ ಮತ್ತೆ ಒಳಗೆ ಹಾಕಿದ. ಅದನ್ನು ಮತ್ತೆ ಹೊರಗೆ ತೆಗೆಯುತ್ತ, "ಹೌದು ಸರ್. ಇಂಥ ಕೆಲಸ ಮೊದಲು ಏನಾದರೂ..." ಎಂದ.

"ಜನರ ಕೆಲಸ! ಇಪ್ಪತ್ತು ವರ್ಷ!"

"ಕಂಡೋರು ಯಾರಾದರೂ...?"

"ಜನ!"

"ಯಾವಾಗಲಾದರೂ ಕೆಲಸ ಕೆಟ್ಟಿದ್ದು?"

"ಕೆಡೋಕೆ ನಾನು ಬಿಡೋದೇ ಇಲ್ಲ."

ಮೈಕಣ್ಣ ತೇಲಿಕೊಂಡೇ ಮೆಟ್ಟಿಲಿಳಿದ. ಕೊನೆಯ ಮೆಟ್ಟಿಲಿಗೆ ಬಂದಾಗ, ಮನೆಗೆ ಹೋಗಿ ಹೆಂಡತಿಗೆ ಏನು ಹೇಳುವುದು ಎಂದು ಯೋಚಿಸಿದ. ಹೇಳಲು ಏನೂ ಇರಲಿಲ್ಲ. ಆ ಮನುಷ್ಯ ಸುಳ್ಳು ಹೇಳಿರಲಿಲ್ಲ; ಕೆಟ್ಟವನಂತೆಯೂ ಕಂಡಿರಲಿಲ್ಲ. ಆದರೆ ಕೇಳಿದ ನಾಲ್ಕು ಪ್ರಶ್ನೆಯೂ ಕೇಳಿದ ಹಾಗೆಯೇ ಕೈಯಲ್ಲಿ ಉಳಿದಿದ್ದವು.

ಪಂಪಕ್ಕ ಮನೆಯ ಮುಂದೆ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದಳು. ನೀರು ಎಲ್ಲಿಂದ ಬರ್ತಿದೆ ಎಂಬ ಅದೇ ಪ್ರಶ್ನೆ ಕೇಳಿದಾಗ ತಲೆ ಎತ್ತಿ ಆಕಾಶ ನೋಡಿದಳು. ಮೋಡ ಕಟ್ಟುತ್ತಿತ್ತು.

"ಗೊತ್ತಿಲ್ಲ ತಮ್ಮ. ನಾನು ಬಿಟ್ಟು ನಾಲ್ಕು ವರ್ಷ ಆಯ್ತು. ನೀರು ನುಗ್ಗೋಕೆ ಶುರುವಾಗಿ ಮೂರು ವರ್ಷ. ಎರಡು ಸಲ ಬಾಗಿಲವರೆಗೂ ಹೋದೆ. ಹೊರಗಿನವರಿಗೆ ಪ್ರವೇಶ ಇಲ್ಲ ಅಂದರು. ಅದಕ್ಕೇ ಚುನಾವಣೆಗೆ ನಿಂತಿದ್ದು. ಬಾ, ಅಭ್ಯರ್ಥಿಗಾದರೂ ಬಾಗಿಲು ತೆಗೀತಾರಾ ನೋಡೋಣ."

ತೆಗೆದರು. ಪಂಪುಹೌಸಿನ ಈಗಿನ ಆಪರೇಟರು, ಹಣೆಯ ಬೆವರು ಒರೆಸಿಕೊಳ್ಳುತ್ತಲೇ ಇರುವ ನಡುವಯಸ್ಸಿನ ಮನುಷ್ಯ, "ಬನ್ನಿ ಬನ್ನಿ, ನಾಳೆ ನೀವೇ ಮೆಂಬರಾದರೆ ನನ್ನ ಗತಿ?" ಎಂದು ಬಾಗಿಲಿಂದ ಸರಿದ.

ಒಳಗೆ ಎರಡು ಪಂಪು, ಎರಡೂ ಎಮ್ಮೆಯಷ್ಟು ದಪ್ಪ, ಹಸಿರು ಬಣ್ಣ. ಎರಡೂ ಓಡುತ್ತಿದ್ದವು. ನೆಲ ಅದುರುತ್ತಿತ್ತು. ಮೈಕಣ್ಣ ಕಿವಿಗೊಟ್ಟು ಕೇಳಿದ. ಸದ್ದು ಅವನ ಕಸುಬು. ಎರಡರದೂ ಒಂದೇ ಗುಡುಗು, ಒಂದೇ ಏರು. ಯಾವ ಕೊರತೆಯೂ ಇಲ್ಲ.

"ಫಸ್ಟ್ ಕ್ಲಾಸ್ ಓಡ್ತಿವೆ" ಎಂದ ಆಪರೇಟರು.

ಪಂಪಕ್ಕ ಗೋಡೆಯ ಮೊಳೆಗೆ ನೇತುಹಾಕಿದ್ದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಅದರ ಮೊನೆಯನ್ನು ಮೊದಲ ಪಂಪಿನ ಮೈಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡಳು. ಕಣ್ಣು ಮುಚ್ಚಿದಳು. ಅವಳ ಮುಖದಲ್ಲಿ ಯಾವ ಭಾವವೂ ಇರಲಿಲ್ಲ. ಬರೀ ಕೇಳುತ್ತಿದ್ದಳು. ಇಡೀ ಕೋಣೆ ಗುಡುಗುತ್ತಿದ್ದರೂ ಅವಳ ಸುತ್ತ ಒಂದು ನಿಶ್ಶಬ್ದ ಬಂದು ನಿಂತ ಹಾಗೆ ಮೈಕಣ್ಣನಿಗೆ ಅನಿಸಿತು. ಆಮೇಲೆ ಎರಡನೆಯದರ ಹತ್ತಿರ ಹೋದಳು. ಅಲ್ಲಿ ಬಹಳ ಹೊತ್ತು ನಿಂತಳು.

"ಇದರ ಮೋಟಾರು ಯಾವಾಗ ಬಿಚ್ಚಿದ್ದಿರಿ?"

"ಸುಟ್ಟುಹೋಗಿತ್ತು. ರಿಪೇರಿ ಮಾಡಿಸಿ ತಂದು ಕೂರಿಸಿ... ಮೂರು ವರ್ಷ ಆಯ್ತು."

"ನಿಲ್ಲಿಸು."

ಆಪರೇಟರು ಗುಂಡಿ ಒತ್ತಿದ. ಪಂಪಕ್ಕ ಸ್ಕ್ರೂಡ್ರೈವರಿನಿಂದ ಪಂಪಿನ ಮೇಲಿನ ಹಸಿರು ಬಣ್ಣವನ್ನು ಒಂದು ಕಡೆ ಕೆರೆದಳು. ಪದರ ಪದರವಾಗಿ ಬಣ್ಣ ಉದುರಿತು. ಅಡಿಯಲ್ಲಿ, ಕಬ್ಬಿಣದಲ್ಲೇ ಅಚ್ಚಾದ ಒಂದು ಬಾಣದ ಗುರುತು ಕಂಡಿತು. ಅದರ ಮೊನೆ ಬಲಕ್ಕಿತ್ತು.

ಪಂಪನ್ನು ತಿರುಗಿಸುವ ಶಾಫ್ಟು ಇನ್ನೂ ನಿಂತಿರಲಿಲ್ಲ. ನಿಧಾನವಾಗಿ, ಇನ್ನೂ ನಿಧಾನವಾಗಿ ತಿರುಗುತ್ತಿತ್ತು. ಎಡಕ್ಕೆ.

ಮೂವರೂ ಅದನ್ನೇ ನೋಡುತ್ತ ನಿಂತರು.

"ಉಲ್ಟಾ ತಿರುಗ್ತಿದೆ" ಎಂದಳು ಪಂಪಕ್ಕ. "ವೈರು ಕೊಡೋವಾಗ ಅದಲುಬದಲು ಆಗಿದೆ. ಕರೆಂಟು ತಿಂತದೆ, ಸದ್ದು ಮಾಡ್ತದೆ, ಮೈ ಬಿಸಿ ಮಾಡ್ಕೊತದೆ. ನೀರು ಮಾತ್ರ ಕಾಲುಭಾಗವೂ ಎತ್ತಲ್ಲ."

ಮೈಕಣ್ಣನ ತೋಳಿನ ಮೇಲೆ ಕೂದಲು ಎದ್ದಿತು. ಭಾಷಣ ಕೇಳಿದಾಗಲೂ ಎದ್ದಿತ್ತು. ಆದರೆ ಈಗ ಅವನಿಗೆ ಒಂದು ಬಗೆಯ ಭಯವೂ ಆಯಿತು. ಮೂರು ವರ್ಷ ಇಡೀ ಬೀದಿ ಆ ಗುಡುಗನ್ನು ಕೇಳಿ, ಪಂಪು ಓಡುತ್ತಿದೆ ಎಂದು ನೆಮ್ಮದಿ ಪಟ್ಟಿತ್ತು. ಇಪ್ಪತ್ತೆರಡು ವರ್ಷ ಸದ್ದಿನಲ್ಲೇ ಬದುಕಿದ ಅವನ ಕಿವಿಗೂ ಅದು ಸಿಕ್ಕಿರಲಿಲ್ಲ.

"ನೀವೇ ಸರಿಮಾಡಿಬಿಡಿ ಅಕ್ಕ!" ಎಂದ.

"ನಾನು ಮುಟ್ಟೋ ಹಾಗಿಲ್ಲ. ಈಗ ನಾನು ಹೊರಗಿನವಳು." ಆಪರೇಟರನ ಕಡೆ ತಿರುಗಿದಳು. "ನೀನು ಹೆದರಬೇಡ. ವೈರು ಕೊಟ್ಟವನು ನೀನಲ್ಲ. ಎಂಜಿನಿಯರಿಗೆ ಫೋನ್ ಮಾಡು. ಕಂಡದ್ದನ್ನ ಕಂಡ ಹಾಗೆ ಹೇಳು."

ಮುಕ್ಕಾಲು ಗಂಟೆಯಲ್ಲಿ ಪುರಸಭೆಯ ಎಲೆಕ್ಟ್ರಿಷಿಯನ್ ಬಂದ. ಮೂರು ವೈರುಗಳಲ್ಲಿ ಎರಡನ್ನು ಬಿಚ್ಚಿ ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದ. ಅಷ್ಟೇ. ಆಪರೇಟರು ಮತ್ತೆ ಗುಂಡಿ ಒತ್ತಿದಾಗ, ಹೊರಗೆ ಕಾಲುವೆಯ ಮೇಲೆ ಆ ಪಂಪಿನ ದಪ್ಪ ಕೊಳವೆಯಿಂದ ಮೂರು ವರ್ಷ ಜೊಲ್ಲಿನ ಹಾಗೆ ಸುರಿಯುತ್ತಿದ್ದ ನೀರು ಒಮ್ಮೆಲೇ ಕಂಬದಂತೆ ಮುಂದಕ್ಕೆ ಚಾಚಿಕೊಂಡಿತು. ಎದುರು ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಎದ್ದು ನಿಂತರು. ಮೈಕಣ್ಣ ಬಾಯಿಗೆ ಕೈ ಅಡ್ಡ ಹಿಡಿದ.

ಪಂಪಕ್ಕ ಮಾತ್ರ ನೀರಿನ ಕಡೆ ನೋಡುತ್ತಿರಲಿಲ್ಲ. ಕಾಲುವೆಯ ಅಂಚಿಗೆ ಹೋಗಿ ಬಗ್ಗಿ, ಚರಂಡಿಯ ಬಾಯಿಗಿದ್ದ ಕಬ್ಬಿಣದ ಗೇಟನ್ನು ನೋಡುತ್ತಿದ್ದಳು.

"ಇದು ಅರ್ಧ ಕೆಲಸ. ಈ ಗೇಟು ತುಕ್ಕು ತಿಂದು ಮುಚ್ಚೋದನ್ನೇ ಬಿಟ್ಟಿದೆ. ಕಾಲುವೆ ತುಂಬಿದರೆ ನೀರು ವಾಪಸು ಬರ್ತದೆ. ಹೊಸ ಗೇಟು, ಚರಂಡಿಯ ಹೂಳು... ಎರಡು ಮಳೆಗಾಲ ಹಿಡಿಯುತ್ತೆ."

ವಾಪಸು ಬರುವಾಗ ಮೈಕಣ್ಣ ಕೊನೆಯ ಪ್ರಶ್ನೆ ಕೇಳಿದ. ಕೇಳಲು ನಾಚಿಕೆಯಾಯಿತು, ಆದರೂ ಕೇಳಿದ. "ಅಕ್ಕ, ಇದು ನನ್ನ ಹೆಂಡತಿ ಕೇಳಿಸಿದ ಪ್ರಶ್ನೆ. ನಿಮ್ಮ ಕಾಲದಲ್ಲಿ ಯಾವತ್ತಾದರೂ ಕೆಲಸ ಕೆಟ್ಟಿತ್ತಾ?"

"ಕೆಟ್ಟಿತ್ತು. ಹತ್ತೊಂಬತ್ತು ವರ್ಷದ ಹಿಂದೆ. ಮಳೆಗೆ ಮುಂಚೆ ಪಂಪಿನ ಮುಂದೆ ಕಸ ತಡೆಯೋ ಜಾಲರಿ ಸ್ವಚ್ಛ ಮಾಡಿಸಬೇಕಿತ್ತು, ನಾನು ನಾಳೆ ನಾಳೆ ಅಂದೆ. ಕಸ ಕಟ್ಟಿಕೊಂಡು ಪಂಪು ನಿಂತಿತು. ಹನ್ನೊಂದು ಮನೆಗೆ ನೀರು ನುಗ್ಗಿತು. ಹನ್ನೊಂದಕ್ಕೂ ಹೋಗಿ ಹೇಳಿ ಬಂದೆ. ಆಮೇಲೆ ಪ್ರತಿ ಬೇಸಿಗೆ ನಾನೇ ಇಳಿದು ಜಾಲರಿ ತೆಗೆದೆ. ಮತ್ತೆ ಆಗಲಿಲ್ಲ."

ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಹೆಂಡತಿ ಕೈಗೆಲಸ ಬಿಟ್ಟು ಕೇಳಿದಳು. ಅಮ್ಮ ಮಂಚದ ಮೇಲೆ ಅರ್ಧ ಎದ್ದು ಕೂತಳು.

"ಏನಂದೆ? ಜಾಲರಿಯಾ? ಅವಳಾ!"

"ಯಾರಮ್ಮ?"

"ಬಂದಿದ್ದಳು ಕಣೋ! ಹೆಸರು ಗೊತ್ತಿರಲಿಲ್ಲ, ನೀನೂ ಅವತ್ತು ಮೈಕು ಹೊತ್ತು ಹೊರಗೆ ಹೋಗಿದ್ದೆ. ಇದೇ ಬಾಗಿಲಲ್ಲಿ ನಿಂತಿದ್ದಳು. ಒದ್ದೆ ಬಟ್ಟೆ, ಮೈಯೆಲ್ಲ ಕೆಸರು. ‘ನಾನು ಜಾಲರಿ ತೆಗೆಸಲಿಲ್ಲ, ನನ್ನ ತಪ್ಪು’ ಅಂದಳು. ನಾನು ಬಾಯಿಗೆ ಬಂದ ಹಾಗೆ ಬೈದೆ. ನಿಂತು ಕೇಳಿಸಿಕೊಂಡಳು. ಆಮೇಲೆ ಪೊರಕೆ ತಗೊಂಡು ನೀರು ಬಳಿದುಹಾಕಿ ಹೋದಳು." ಅಮ್ಮನ ದನಿ ಇಳಿಯಿತು. "ಸರ್ಕಾರದ ಕೆಲಸದೋರು ಬಾಗಿಲಿಗೆ ಬಂದು ತಪ್ಪಾಯ್ತು ಅಂದದ್ದನ್ನ ನಾನು ನನ್ನ ಜನ್ಮದಲ್ಲಿ ಕಂಡದ್ದು ಅದೊಂದೇ ಸಲ."

"ಕಣ್ಣಾರೆ ಕಂಡೋರು ಯಾರು ಅಂತ ಊರೆಲ್ಲ ಹುಡುಕ್ತಿದ್ದೆವಲ್ಲ ಅತ್ತೆ" ಎಂದಳು ಹೆಂಡತಿ.

"ಓಟಿನ ದಿನ ನನ್ನನ್ನ ಕುರ್ಚಿ ಸಮೇತ ಎತ್ತಿಕೊಂಡು ಹೋಗಬೇಕು. ಈಗಲೇ ಹೇಳಿದೀನಿ" ಎಂದಳು ಅಮ್ಮ.

ಇದನ್ನು ಓದುತ್ತಿರುವವರೇ, ಗುಂಪಿನಲ್ಲಿ ಕೂತು ಕೇಳುತ್ತಿರುವವರೇ, ಚೆನ್ನಾಗಿ ಮಾತಾಡುವವರಿಗೆ ಕೆಲಸ ಬರುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ತಡವರಿಸುವವರೆಲ್ಲ ಕೆಲಸಗಾರರು ಎಂದೂ ಅಲ್ಲ. ಎಷ್ಟು ವರ್ಷ ಎಂಬ ಲೆಕ್ಕವೂ ಸಾಲದು. ಮತ ನಿಮ್ಮದು, ಯಾರಿಗೆ ಹಾಕಬೇಕೆಂದು ನಿಮಗೆ ಯಾರೂ ಹೇಳಬೇಕಾಗಿಲ್ಲ. ಆದರೆ ಹಾಕುವ ಮುಂಚೆ ಒಮ್ಮೆ ಅವರ ಹತ್ತಿರ ಹೋಗಿ. ಮೊದಲು ಏನು ಮಾಡಿದ್ದೀರಿ, ಕಂಡವರು ಯಾರು, ಕೆಟ್ಟಾಗ ಏನು ಮಾಡಿದಿರಿ ಎಂದು ಕೇಳಿ. ಉತ್ತರ ಸಿಕ್ಕರೆ ಆ ಕಂಡವರನ್ನೂ ಹುಡುಕಿಕೊಂಡು ಹೋಗಿ ಕೇಳಿ. ಮೈ ಜುಮ್ಮೆಂದರೆ ಸಂತೋಷ. ಜುಮ್ಮೆಂದದ್ದು ಇಳಿದ ಮೇಲೆ, ನಿಮ್ಮ ಪ್ರಶ್ನೆಗೆ ಉತ್ತರ ಬಂತೇ ಎಂದು ಇನ್ನೊಮ್ಮೆ ನೋಡಿ.

ಇನ್ನು ಹೇಳಲು ಉಳಿದಿರುವುದು ಒಂದು ಸಂಜೆಯ ಮಾತು.

ಪ್ರಚಾರದ ಕೊನೆಯ ದಿನ. ನಾಲ್ಕು ಬೀದಿ ಸೇರುವಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಳವೆಯ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಮೈಕಣ್ಣ ತನ್ನಲ್ಲಿದ್ದ ಅತಿ ದೊಡ್ಡ ಸ್ಪೀಕರು ತಂದು ನಿಲ್ಲಿಸಿದ್ದ. ವೇದಿಕೆಯ ಮೆಟ್ಟಿಲ ಬಳಿ ಪಂಪಕ್ಕನನ್ನು ತಡೆದು ನಿಲ್ಲಿಸಿದ.

"ಅಕ್ಕ, ನಿಮ್ಮ ಕಾಲು ಹಿಡ್ಕೊಂಡೆ ಅನ್ಕೊಳ್ಳಿ. ಒಂದೇ ಒಂದು ವಾಕ್ಯ. ‘ಇನ್ಮೇಲೆ ನಿಮ್ಮ ಮನೆಗೆ ನೀರು ನುಗ್ಗಲ್ಲ.’ ಇಷ್ಟು ಹೇಳಿ. ಮಿಕ್ಕದ್ದು ನನಗೆ ಬಿಡಿ. ಸ್ವಲ್ಪ ಎಕೋ ಕೊಡ್ತೀನಿ, ಜನ ಹುಚ್ಚೆದ್ದು ಹೋಗ್ತಾರೆ. ಗೆದ್ದ ಹಾಗೇ."

"ಆ ಗೇಟು?"

"ಗೇಟಿನ ವಿಷಯ ಇವತ್ತು ಯಾರು ಕೇಳ್ತಾರೆ ಅಕ್ಕ?"

"ನಿನ್ನ ಹೆಂಡತಿ ಕೇಳ್ತಾಳೆ."

ಮೈಕಣ್ಣ ನಕ್ಕುಬಿಟ್ಟ. ಆದರೆ ಕೈ ಹಿಂದೆ ತೆಗೆಯಲಿಲ್ಲ. ಮೈಕು ಅವಳ ಕಡೆಗೇ ಚಾಚಿತ್ತು. ಜನ ಕಾಯುತ್ತಿದ್ದರು.

"ಆ ಕಡೆಯವರು ಹೇಳಿಯಾಗಿದೆ. ನೀವು ಹೇಳದಿದ್ದರೆ ಸೋತುಹೋಗ್ತೀರಿ."

"ಸೋಲ್ತೀನೇನೋ."

"ಒಂದು ವಾಕ್ಯ ಅಕ್ಕ. ಎರಡು ಸೆಕೆಂಡಿನ ಮಾತು. ಹೇಳಿಬಿಡಿ."

"ಹೇಳಲ್ಲ" ಎಂದಳು ಪಂಪಕ್ಕ.